ಮಡಿಚುವ ಚಾಕು: ಅಂದವೂ ಉಪಯೋಗವೂ

ಚಿಕ್ಕಂದಿನಲ್ಲಿ ಜಾತ್ರೆಯೊಂದರಲ್ಲಿ ಹಟಮಾಡಿ ಮಡಿಚುವ ಚಾಕುವೊಂದನ್ನು ಕೊಡಿಸಿಕೊಂಡಿದ್ದೆನು. ಅದರ ಹಿತ್ತಾಳೆಯ ಹಿಡಿಗೆ ಮೀನಿನ ಆಕಾರ. ಮೀನಿನ ಕಣ್ಣಿಗೆ ಕೆಂಪು ಗಾಜಿನ ಹರಳು. ಮೊದಲನೆಯ ದಿನವೇ ಮಾವಿನಕಾಯಿಯನ್ನು ಹೆಚ್ಚಹೋದಾಗ ಅಲಗು ತಾನಾಗಿ ಮಡಿಚಿಕೊಂಡು ತೋರುಬೆರಳನ್ನು ಕೊಯ್ದಿತು. ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳುವರೇ ಎಂದು ಅಜ್ಜಿಯವರು ಗದರಿದರು. ಚಾಕು ಎಲ್ಲಿ ಹೋಯಿತೋ ತಿಳಿಯದು. ಗಾಯದ ಗುರುತು ಮಾತ್ರ ಇಂದಿಗೂ ಉಂಟು. ಇಂತಹ ಸಾಧನವನ್ನು ಆರಿಸುವಲ್ಲಿ ಕಣ್ಣಿನ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು, ಕೈಯ ಮಾತನ್ನು ಎಷ್ಟರಮಟ್ಟಿಗೆ ಕೇಳಬೇಕು? ಈ ಪ್ರಶ್ನೆಗೆ ಚಾಕುವಿನ ಚರಿತ್ರೆಯಲ್ಲಿಯೇ ಉತ್ತರವಿರುವುದು.

ಮಡಿಚುವ ಚಾಕು ಬಹು ಪ್ರಾಚೀನವಾದುದು. ಆಸ್ಟ್ರಿಯಾ ದೇಶದ ಹಾಲ್‌ಷ್ಟಾಟ್ ಎಂಬಲ್ಲಿ ದೊರೆತ, ಎಲುಬಿನ ಹಿಡಿಯುಳ್ಳ ಚಾಕುವನ್ನು ಕ್ರಿಸ್ತಪೂರ್ವ 6ನೆಯ ಶತಮಾನದ ಸುಮಾರಿನದೆಂದು ಎಣಿಸುವರು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿ ಕ್ರಿ.ಶ. 3ನೆಯ ಶತಮಾನದ ರೋಮನ್ ಸಾಧನವೊಂದಿದೆ. ಅದರಲ್ಲಿ ಚಮಚ, ಮುಳ್ಳುಚಮಚ, ಮೊನೆಗಡ್ಡಿ ಮೊದಲಾದುವೆಲ್ಲ ಬೆಳ್ಳಿಯವು. ಅಲಗು ಮಾತ್ರ ಕಬ್ಬಿಣದ್ದು. ಬೆಳ್ಳಿಯು ಉಳಿಯಿತು, ಕೊಯ್ಯತಕ್ಕ ಅಲಗು ತುಕ್ಕಿಗೆ ತುತ್ತಾಯಿತು. ದುಡಿಯುವ ಲೋಹಕ್ಕೆ ಆಯುಸ್ಸು ಕಡಿಮೆ, ಮೆರೆಯುವ ಲೋಹಕ್ಕೆ ಹೆಚ್ಚು ಎಂಬ ಮಾತನ್ನು ಅದು ಮೌನವಾಗಿ ಹೇಳುವಂತಿದೆ.

ಮುಂದೆ ಈ ಕಸಬಿಗೆ ತವರೂರಾದುದು ಇಂಗ್ಲೆಂಡಿನ ಷೆಫೀಲ್ಡ್ ನಗರ. ಅಲ್ಲಿನ ಚಾಕು ಮಾಡುವವರ ಸಂಘವು 1624ರಲ್ಲಿಯೇ ಶಾಸನಬದ್ಧವಾಯಿತು. ಹಕ್ಕಿಯ ಗರಿಯನ್ನು ಸೀಳಿ ಲೇಖನಿ ಮಾಡುತ್ತಿದ್ದ ಕಾಲದಲ್ಲಿ ಬರೆಯುವವನಿಗೆ ಸಣ್ಣ ಚಾಕು ಅತ್ಯವಶ್ಯಕವಾಗಿದ್ದಿತು. ಪೆನ್‌ನೈಫ್ ಎಂಬ ಹೆಸರು ಬಂದುದು ಹೀಗೆ. ಅದೇ ನಗರದ ಜೋಸೆಫ್ ರಾಡ್ಜರ್ಸ್ ಸಂಸ್ಥೆಯವರು 1822ರಲ್ಲಿ, ಆ ವರ್ಷದ ಸಂಖ್ಯೆಗೆ ಸರಿಯಾಗಿ, 1822 ಅಲಗುಗಳ ಚಾಕುವೊಂದನ್ನು ನಿರ್ಮಿಸಿದರು. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆಂದು 75 ಅಲಗುಗಳ ನಾರ್‌ಫೋಕ್ ಚಾಕುವನ್ನು ಮುತ್ತಿನ ಚಿಪ್ಪಿನ ಹಿಡಿಯೊಡನೆ ಸಿದ್ಧಪಡಿಸಿದರು. ಕುಶಲತೆಗೆ ಇವು ಶಿಖರಗಳೇ ಸರಿ. ಆದರೆ ಇವನ್ನು ಇಡಬಲ್ಲ ಜೇಬಾಗಲಿ, ಹಿಡಿಯಬಲ್ಲ ಕೈಯಾಗಲಿ ಇಲ್ಲ. ಪ್ರದರ್ಶನಕ್ಕಾಗಿಯೇ ಮಾಡಿದುದನ್ನು ನಿರುಪಯುಕ್ತವೆಂದು ಹಳಿಯುವುದು ನ್ಯಾಯವಲ್ಲ. ಕೊಳ್ಳುವವನು ಮಾತ್ರ ಪ್ರದರ್ಶನದ ಗುಣವನ್ನೇ ಚಾಕುವಿನ ಗುಣವೆಂದು ಭ್ರಮಿಸಬಾರದು.

ಈ ಭ್ರಮೆಗೆ ಕೆತ್ತನೆಯೇ ಬೇಕೆಂದಿಲ್ಲ, ಹೆಸರೊಂದಿದ್ದರೂ ಸಾಕು. ಅಮೆರಿಕದ ಮಾರ್ಕ್ ಟ್ವೈನ್ 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರ್ ಕಥೆಯಲ್ಲಿ ಬಾಲಕನಿಗೆ ಬಾರ್ಲೋ ಚಾಕುವೊಂದು ಬಹುಮಾನವಾಗಿ ದೊರೆಯುತ್ತದೆ. ಅದು ಏನನ್ನೂ ಕೊಯ್ಯಲಾರದು. ಆದರೂ ನಿಜವಾದ ಬಾರ್ಲೋ ಎಂಬುದರಿಂದಲೇ ಹುಡುಗನ ಹಿಗ್ಗಿಗೆ ಪಾರವಿಲ್ಲ. ಓದಿ ನಗುವ ನಾವು ಅಂಗಡಿಯ ಮುಂದೆ ನಿಂತಾಗ ಆ ಹುಡುಗನಿಗಿಂತ ಎಷ್ಟು ದೊಡ್ಡವರೋ ಯೋಚಿಸತಕ್ಕದ್ದು.

ಇನ್ನು ಕೈಯ ಮಾತನ್ನು ಕೇಳಿದವರ ವಿಚಾರ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಎಂಬಾತನು 1884ರಲ್ಲಿ ಕಾರ್ಖಾನೆಯನ್ನು ತೆರೆದು, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕುಗಳನ್ನು ಒದಗಿಸಿದನು. ಸೈನಿಕರ ಆ ಚಾಕುವಿನಲ್ಲಿದ್ದುದು ಅಲಗು, ದಬ್ಬಳ, ಡಬ್ಬಿ ತೆರೆಯುವ ಸಾಧನ, ಬಂದೂಕವನ್ನು ಬಿಚ್ಚಲು ತಿರುಪುಳಿ, ಇಷ್ಟೇ. ಅದು ಭಾರವೆನಿಸಲು, ಒಂದೇ ಸ್ಪ್ರಿಂಗು ಬೆನ್ನಿನ ಎರಡು ಕಡೆಯ ಸಾಧನಗಳನ್ನೂ ತಡೆಯುವಂತೆ ಯುಕ್ತಿಮಾಡಿ, 1897ರಲ್ಲಿ ಹಗುರವಾದ ಅಧಿಕಾರಿಗಳ ಚಾಕುವನ್ನು ತಂದನು. ಸೈನ್ಯವು ಇದನ್ನು ಅಧಿಕೃತವಾಗಿ ಸ್ವೀಕರಿಸಲಿಲ್ಲ. ಅಧಿಕಾರಿಗಳು ತಮ್ಮ ಹಣದಿಂದಲೇ ಕೊಂಡರು. ಉಪಯೋಗಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕೇ?

ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ, ತನ್ನ 18ನೆಯ ವಯಸ್ಸಿನಲ್ಲಿ, ರೈತರ ಬಳಕೆಗೆಂದು ಇನ್ನೂ ಸರಳವಾದ ಚಾಕುವನ್ನು ಮಾಡಿದನು. ಒಂದು ಮರದ ಹಿಡಿ, ಒಂದು ಅಲಗು, ಒಂದು ಕೀಲು. ಅಂಗೈಗೆ ತುಂಬುವಂತೆ ಉಬ್ಬಿದ ಆ ಹಿಡಿಯ ತುದಿಯು, ಕೈ ಜಾರದಿರಲೆಂದು, ಮೀನಿನ ಬಾಲದಂತೆ ಬಾಗಿರುವುದು. ಅದರಲ್ಲಿಯೂ ದೋಷವೊಂದಿದ್ದಿತು: ತೆರೆದ ಅಲಗನ್ನು ನಿಲ್ಲಿಸುವ ಬೀಗವಿರಲಿಲ್ಲ. ಅಲಗಿನ ಬುಡದಲ್ಲಿ ತಿರುಗುವ ಉಕ್ಕಿನ ಉಂಗುರವನ್ನು ಅಳವಡಿಸಿದುದು 1955ರಲ್ಲಿ, ಅಂದರೆ 65 ವರ್ಷಗಳ ತರುವಾಯ. ಸರಳವಾದುದೆಲ್ಲ ನಿರ್ದೋಷವಲ್ಲ, ಅಂದದಂತೆ ಸರಳತೆಯೂ ಕಣ್ಣನ್ನು ಮೋಸಗೊಳಿಸಬಲ್ಲುದು. ಇಂತಹ ರೈತನ ಚಾಕುವನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದವರು 1985ರಲ್ಲಿ ಉತ್ತಮ ರೂಪವುಳ್ಳ ವಸ್ತುಗಳ ಸಾಲಿಗೆ ಸೇರಿಸಿದರು. ಅಂದವನ್ನು ಬಯಸದೆ ಮಾಡಿದುದು ಅಂದವೆನಿಸಿಕೊಂಡಿತು.

ಆದುದರಿಂದ ಅಂದವೂ ಉಪಯೋಗವೂ ಶತ್ರುಗಳಲ್ಲ. ಯಾವುದು ಮೊದಲು ಬಂದಿತೆಂಬುದೇ ಮುಖ್ಯ. ಕೊಳ್ಳುವವನು ಚಾಕುವನ್ನು ತೆರೆದು, ಅಲಗು ಅಲುಗುವುದೋ, ಒತ್ತಿದರೆ ಮಡಿಚಿಕೊಳ್ಳುವುದೋ, ಹಿಡಿಯು ಅಂಗೈಯನ್ನು ಒತ್ತಿ ನೋಯಿಸುವುದೋ ನೋಡಲಿ. ನಿಂಬೆಹುಳಿಗೆ ಕಪ್ಪಾಗುವ ಹಳೆಯ ಬಗೆಯ ಉಕ್ಕು ಸುಲಭವಾಗಿ ಸಾಣೆಗೆ ಒಗ್ಗುವುದು, ಒರೆಸಿಡದಿದ್ದರೆ ತುಕ್ಕು ಹಿಡಿಯುವುದು. 1913ರಲ್ಲಿ ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತಯಾರಿಸಿದ ತುಕ್ಕುಹಿಡಿಯದ ಉಕ್ಕಿನ ಸಂತತಿಯು ಬಹುಕಾಲ ಹೊಳೆಯುವುದು. ತನ್ನ ಕೆಲಸಕ್ಕೆ ಯಾವುದು ತಕ್ಕುದೆಂದು ಅವನೇ ನಿರ್ಣಯಿಸಲಿ. ಇವೆಲ್ಲವೂ ಒಪ್ಪಿದ ಮೇಲೆ ಕಣ್ಣು ತನಗೆ ಬೇಕಾದುದನ್ನು ಆರಿಸಿಕೊಳ್ಳಲಿ, ಅಡ್ಡಿಯಿಲ್ಲ.

ನನ್ನ ಬಾಲ್ಯದ ಚಾಕುವಿನಲ್ಲಿ ಇಡೀ ಮೀನೇ ಇದ್ದಿತು. ಒಪಿನೆಲ್ಲನ ಚಾಕುವಿನಲ್ಲಿರುವುದು ಅದರ ಬಾಲವೊಂದೇ. ಆದರೆ ಆ ಬಾಲವಿರುವುದು ಕೈಗೆ ಬೇಕಾದ ಸ್ಥಳದಲ್ಲಿ.