ಐರ್ಲೆಂಡಿನ ಕರ್ಚೀಪು, ಬನಹಟ್ಟಿಯ ಕುಂಚಿಗಿ

(1/4)
ಹೋದ ವರ್ಷ ನಮ್ಮ ದೊಡ್ಡಪ್ಪನ ಮಗಳ ಮದುವಿ ಬನಹಟ್ಟಿಯೊಳಗ ಆತು. ಮಾವ ಡಬ್ಲಿನ್‌ದಾಗ ಕೆಲಸ ಮಾಡ್ತಾರ. ಅವರ ಆಫೀಸಿನ ಐರಿಶ್ ಹೆಣ್ಣುಮಗಳೊಬ್ಬರು ಅಕ್ಕಗ ಬಿಳಿ ಲಿನನ್ ಬಟ್ಟಿಯ ಒಂದು ಚೌಕ ತುಂಡು ಕಳಿಸಿದ್ರು. ಅಂಚು ಹೊಲಿಸಿ ಮದುವಿ ದಿನ ಕೈಯಾಗ ಹಿಡಿ, ಮುಂದ ಅದೇ ನಿನ್ನ ಕೂಸಿನ ಟೊಪ್ಪಿಗಿ ಆಗ್ತೈತಿ, ಅಂತ ಹೇಳಿ ಕಳಿಸಿದ್ದು. ಮನ್ಯಾಗ ಎಲ್ಲರೂ ನಕ್ಕರು. ಆಯಿ ಮಾತ್ರ ನಗಲಿಲ್ಲ. ಬಟ್ಟಿ ಬೆಳಕಿಗೆ ಹಿಡಿದು ನೋಡಿ, "ನೂಲು ಚಲೋ ಐತಿ" ಅಂದ್ಲು.

ಆಯಿ ಸಣ್ಣಾಕಿ ಇದ್ದಾಗಿನಿಂದ ಕಂಡಿಕಿ ಸುತ್ತಿದಾಕಿ. ಆಕಿ ನೂಲು ಚಲೋ ಐತಿ ಅಂದ್ರ ಐತಿ, ಅಷ್ಟ.

(2/4)
ಐರ್ಲೆಂಡಿನಲ್ಲಿ ಈ ಪದ್ಧತಿ ಹೀಗಿದೆ. ಮದುಮಗಳು ಶುಭ ಆಗಲಿ ಅಂತ ಲಿನನ್ ಕರ್ಚೀಪು ಹಿಡಿಯುತ್ತಾಳೆ, ಅಂಚಿಗೆ ಲೇಸ್ ಇರುವುದುಂಟು. ಮೊದಲ ಕೂಸು ಹುಟ್ಟಿದಾಗ ಅದನ್ನೇ ಮಡಚಿ ನಾಲ್ಕು ಹೊಲಿಗೆ ಹಾಕಿದರೆ ನಾಮಕರಣದ ಟೊಪ್ಪಿಗೆ. ಆ ಕೂಸು ಬೆಳೆದು ಮದುವೆ ಆಗುವಾಗ ಹೊಲಿಗೆ ಬಿಚ್ಚಿದರೆ ಮತ್ತೆ ಕರ್ಚೀಪು. ಕತ್ತರಿ ಬಟ್ಟೆಗೆ ತಾಗೋದೇ ಇಲ್ಲ.

ಲಿನನ್ ಅಂದ್ರೆ ಏನು ಗೊತ್ತಾ? ಅಗಸಿ! ರೊಟ್ಟಿ ಜೊತಿ ಅಗಸಿ ಚಟ್ನಿ ತಿಂತೀವಲ್ಲ, ಅದೇ ಗಿಡದ ನಾರು. ನಮ್ಮಲ್ಲಿ ಕಾಳು, ಎಣ್ಣೆಗಾಗಿ ಗಿಡ್ಡ ತಳಿ ಬೆಳೀತಾರೆ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಸುತ್ತ ಉದ್ದ ತಳಿಯ ನಾರು ತೆಗೆದು ನೇಯ್ದರು.

ಲೇಸಿನ ಕಥೆ ಅಷ್ಟು ಸಿಹಿಯಾಗಿಲ್ಲ. 1845ರಲ್ಲಿ ಅಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಬಡವರು ಅದನ್ನೇ ಉಂಡು ಬದುಕುತ್ತಿದ್ದವರು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. 1847ರಲ್ಲಿ ಕ್ಲೋನ್ಸ್ ಎಂಬ ಊರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ ಅಲ್ಲಿನ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸ್ ಹೆಣೆಯುವುದನ್ನು ಕಲಿಸಲು ವ್ಯವಸ್ಥೆ ಮಾಡಿದರು. ಆ ದುಡ್ಡಿನಿಂದ ಎಷ್ಟೋ ಮನೆಗಳ ಒಲೆ ಹತ್ತಿತು. ಇವತ್ತು ಮದುವೆಯ ಶುಭಕ್ಕೆ ಹಿಡಿಯುವ ಲೇಸು ಆವತ್ತು ಹಸಿದವರ ಕೂಲಿ.

ನಮ್ಮ ಕಡೆಗೂ ಅಂಥದೇ ಬರ ಬಂದಿತ್ತು, 1876-78ರಲ್ಲಿ. ಆಗ ಬೀಳಗಿ ಕಲಾದಗಿ ಜಿಲ್ಲೆಯಲ್ಲಿತ್ತು, ಜಮಖಂಡಿ ಮುಧೋಳ ಸಂಸ್ಥಾನಗಳು. 1872 ಮತ್ತು 1881ರ ಜನಗಣತಿ ನಡುವೆ ಕಲಾದಗಿ ಜಿಲ್ಲೆಯ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಕಡಿಮೆಯಾದರು. ಬರದಾಗ ಜನ ಮೊದಲು ಬಿಡೋದು ಬಟ್ಟಿ ಕೊಳ್ಳೋದು. ಅಂದಮೇಲೆ ರೈತನ ಜೊತೆ ನೇಕಾರನೂ ಕುಸಿದ. ಕಾಳು ಇದ್ದರೂ ಕೊಳ್ಳಲು ಕೈಯಲ್ಲಿ ಕಾಸಿಲ್ಲ.

(3/4)
ಈಗ ರೀಲ್ಸ್‌ನಲ್ಲಿ ಬರುವ "ಪುರಾತನ ಐರಿಶ್ ಹ್ಯಾಂಡ್‌ಫಾಸ್ಟಿಂಗ್" ಬಗ್ಗೆ. ಹುಡುಗ ಹುಡುಗಿಯ ಕೈಗೆ ಬಣ್ಣದ ದಾರ ಸುತ್ತುತ್ತಾರಲ್ಲ, ಅದು. ಹಳೆಯ ಕಾಲದಲ್ಲಿ ಆ ಮಾತಿನ ಅರ್ಥ ಕೈ ಹಿಡಿದು ಮಾತು ಕೊಡುವುದು ಅಂತ. ದಾರ ಸುತ್ತುವುದು ಹೆಚ್ಚಾಗಿ 20ನೇ ಶತಮಾನದ ಕೊನೆಗೆ ಹರಡಿದ್ದು. ಟೆಲ್‌ಟೌನ್ ಎಂಬ ಊರಿನ ಜಾತ್ರೆಯ ಬಗ್ಗೆ ಮಾತ್ರ ಜನ ಹೇಳುತ್ತಿದ್ದ ಕಥೆಯೊಂದು 1830ರ ದಶಕದಲ್ಲಿ ದಾಖಲಾಗಿದೆ. ಜೋಡಿ ಬಾಗಿಲ ತೂತಿನಲ್ಲಿ ಕೈ ಹಿಡೀಬೇಕು, ಒಂದು ವರ್ಷ ಒಂದು ದಿನ ಸಂಸಾರ ಮಾಡಿ ನೋಡಬೇಕು, ಹೊಂದದಿದ್ರೆ ಬೆನ್ನಿಗೆ ಬೆನ್ನು ಕೊಟ್ಟು ನಡೆದು ಹೋದ್ರೆ ಮುಗೀತು. (ಇದನ್ನು ನಮ್ಮ ದೊಡ್ಡಪ್ಪನ ಮುಂದ ಹೇಳಬ್ಯಾಡ್ರಿ.)

ದಾರ ಬೇಕಂದ್ರೆ ನಮ್ಮ ಸುರಗಿ ನೋಡ್ರಿ. ನಾಲ್ಕು ಮೂಲೆಗೆ ತಂಬಿಗಿ ಇಟ್ಟು ಹಸಿ ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರು ಹಾಕ್ತಾರ. ಆಮೇಲೆ ಆ ನೂಲಿಗೆ ಅರಿಶಿಣ ಬೇರು ಕಟ್ಟಿದರೆ ಕಂಕಣ.

ಇನ್ನೊಂದು ತಮಾಷೆ. ಮದುವೆ ದಿನ ಮಳೆ ಬರಬಾರದು ಅಂತ ಐರ್ಲೆಂಡಿನಲ್ಲಿ ಹಿಂದಿನ ರಾತ್ರಿ ಬಾಲ ಯೇಸುವಿನ ಮೂರ್ತಿಯನ್ನು ಮನೆ ಹೊರಗೆ ಇಡ್ತಾರೆ. ನಾವು ಮಳಿ ಬರಲಿ ಅಂತ ಕಪ್ಪಿಗೆ, ಕತ್ತಿಗೆ ಮದುವಿ ಮಾಡ್ತೀವಿ!

(4/4)
ಮತ್ತೆ ಕರ್ಚೀಪಿಗೆ ಬರ್ತೀನಿ. ನಮ್ಮಲ್ಲಿ ಅಂಥದ್ದು ಇಲ್ಲ ಅಂದುಕೊಂಡಿದ್ದೆ. ಆಯಿ ಟ್ರಂಕು ತೆಗೆದು ಒಂದು ಕುಂಚಿಗಿ ತೋರಿಸಿದ್ಲು. ಕೂಸಿನ ತಲಿ ಮುಚ್ಚಿ ಬೆನ್ನ ಮ್ಯಾಲೆ ಇಳಿಬೀಳ್ತದಲ್ಲ, ಆ ಟೊಪ್ಪಿಗಿ. ಆಕಿ ಮದುವಿಯ ಗುಳೇದಗುಡ್ಡ ಖಣದಾಗ ಉಳಿದ ತುಂಡಿನಿಂದ ಹೊಲಿದಿದ್ದು, ಅಂಚಿಗೆ ಇಳಕಲ್ ಸೀರಿ ಸೆರಗಿನ ಕೆಂಪು ಪಟ್ಟಿ. ದೊಡ್ಡಪ್ಪ, ನಮ್ಮಪ್ಪ, ಅಕ್ಕ, ನಾನು, ಎಲ್ಲಾರೂ ಅದರೊಳಗ ತಲಿ ಇಟ್ಟವರೇ. ಖಣ ಅಲ್ಲಲ್ಲಿ ಜಾಳಾಗಿ ಬೆಳಕು ಕಾಣ್ತದ.

ಸುರಗಿ ನೂಲು ಸುತ್ತುವವರು ಐದು ಮಂದಿ ಮುತ್ತೈದೆಯರು. ಮುತ್ಯಾ ತೀರಿಕೊಂಡು 19 ವರ್ಷ ಆಯ್ತು. ಹಿಂಗಾಗಿ ಜೀವನವಿಡೀ ನೂಲು ಸುತ್ತಿದ ಆಯಿ ಆ ನೂಲು ಮುಟ್ಟಂಗಿಲ್ಲ. ಯಾರೂ ಬ್ಯಾಡ ಅನ್ನಲಿಲ್ಲ, ಆಕಿನೇ ಬರೋದಿಲ್ಲ. ಅಕ್ಕ ಎಷ್ಟು ಕರೆದರೂ, "ನನ್ನಿಂದ ನಿನಗ ಏನೂ ಆಗಬಾರದವ್ವ" ಅಂದ್ಲು.

ಆದರೆ ಐರಿಶ್ ಬಟ್ಟಿಗೆ ಇಲ್ಲಿಯ ಯಾವ ಶಾಸ್ತ್ರಾನೂ ಇಲ್ಲ. ಯಾರು ಹೊಲೀಬೇಕು, ಯಾರು ಹೊಲೀಬಾರದು ಅಂತ ಹೇಳೋಕೆ ಯಾರಿಗೂ ತಿಳೀದು. ಅಕ್ಕ ಅದನ್ನು ಆಯಿ ಕೈಯಾಗ ಇಟ್ಟಳು. ಎರಡು ರಾತ್ರಿ ಕುಂತು ನಾಲ್ಕೂ ಅಂಚು ಮಡಚಿ ಆಯಿ ಹೊಲಿದ್ಲು, ಒಂದು ಮೂಲ್ಯಾಗ ಕಸೂತಿಯ ಸಣ್ಣ ಗೋಪುರ ಹಾಕಿದ್ಲು.

ಸುರಗಿ ಹೊತ್ತಿಗೆ ಆಯಿ ಒಳಗಿನ ಕೋಣ್ಯಾಗೇ ಇದ್ಲು. ಅಕ್ಕ ಕರ್ಚೀಪು ಸೊಂಟಕ್ಕ ಸಿಗಿಸಿಕೊಂಡಿದ್ಲು. ನೀರು ಬಿದ್ದು ಅರಿಶಿಣ ಹತ್ತಿ ಒಂದು ಮೂಲಿ ಹಳದಿ ಆಗೇತಿ, ಮೂರು ಸಲ ಒಗೆದರೂ ಹೋಗಿಲ್ಲ. ಈಗ ಅದು ಡಬ್ಲಿನ್‌ದಾಗ ಐತಿ.

ಕೊನೆಯ ಫೋಟೋ ಆಯಿಯ ಕುಂಚಿಗಿದು. ನಿಮ್ಮ ಮನಿ ಟ್ರಂಕಿನಾಗ ಇದ್ರ ಕಳಸ್ರಿ, ಯಾವ ಊರು, ಯಾರು ಹೊಲಿದಿದ್ದು ಅಂತ ಕೇಳಿ ಬರೀರಿ. ಮುಂದಿನ ಸರಣಿ ಖಣದ ಬಗ್ಗೆ.