ಕಂಪನಿ ಮಾಲೋ, ಅಸೆಂಬಲ್ಡೋ?

ಬಿಇ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಕಡಲೆಕಾಯಿ ಮಾರಿದ ದುಡ್ಡು ಹಿಡ್ಕೊಂಡು ಬೆಂಗಳೂರಿಗೆ ಬಂದಿದ್ದರು. ಎಸ್.ಪಿ. ರೋಡಿನ ಅಂಗಡಿಯವನು ಬಿಡಿಭಾಗಗಳನ್ನ ಒಂದೊಂದಾಗಿ ಕೌಂಟರ್ ಮೇಲೆ ಜೋಡಿಸ್ತಿದ್ದ. ಅಪ್ಪ ಮೆಲ್ಲಗೆ, "ಇದು ಕಂಪನಿ ಮಾಲಲ್ವೇನೋ? ಕೆಟ್ಟರೆ ಯಾರನ್ನ ಕೇಳೋದು?" ಅಂದರು. ನಂಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ, ಪಿಸಿಯ ಚರಿತ್ರೆ ಓದಿದಾಗ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪಿಸಿಯನ್ನು ಹೊರತಂದಿತು. ಸುಮಾರು ಒಂದು ವರ್ಷದಲ್ಲಿ ಮುಗಿಸಬೇಕಾದ ಕೆಲಸ. ಹಾಗಾಗಿ ಎಲ್ಲವನ್ನೂ ತಾನೇ ಮಾಡುವ ಪದ್ಧತಿ ಬಿಟ್ಟು ಹೊರಗಿನಿಂದ ಕೊಂಡಿತು. ಪ್ರೊಸೆಸರ್ ಇಂಟೆಲ್‌ನ 8088, ಡಾಸ್ ಮೈಕ್ರೋಸಾಫ್ಟ್‌ದು, ಫ್ಲಾಪಿ ಡ್ರೈವ್ ಟ್ಯಾಂಡನ್‌ದು. ಅಂದ್ರೆ ಬ್ರ್ಯಾಂಡೆಡ್ ಪಿಸಿಗಳ ಮೂಲಪುರುಷನೇ ಒಂಥರಾ ಅಸೆಂಬಲ್ಡು!

ಐಬಿಎಂ ಭದ್ರವಾಗಿ ಹಿಡಿದಿಟ್ಟುಕೊಂಡಿದ್ದು ಮುಖ್ಯವಾಗಿ ಬಯೋಸನ್ನು, ಅಂದರೆ ಸ್ವಿಚ್ ಹಾಕಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು. ಅದರ ಕೋಡನ್ನು ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ಓದಬಹುದು, ನಕಲು ಮಾಡಿದರೆ ಕೇಸು. ಕಾಂಪ್ಯಾಕ್‌ನವರ ಉಪಾಯ ನೋಡಿ: ಒಂದು ಗುಂಪು ಕೋಡ್ ಓದಿ, ಅದು ಏನೇನು ಮಾಡುತ್ತೆ ಅಂತಷ್ಟೇ ಬರೆದುಕೊಟ್ಟಿತು. ಆ ಕೋಡನ್ನು ಕಣ್ಣಲ್ಲೂ ನೋಡದ ಇನ್ನೊಂದು ಗುಂಪು ಹೊಸದಾಗಿ ಬರೆಯಿತು. 1984ರಲ್ಲಿ ಫೀನಿಕ್ಸ್ ಕಂಪನಿ ಇದೇ ದಾರಿಯಲ್ಲಿ ತಯಾರಿಸಿದ ಬಯೋಸನ್ನು ಬೇರೆ ತಯಾರಕರಿಗೂ ಮಾರತೊಡಗಿತು. ನಮ್ಮ ಎಸ್.ಪಿ. ರೋಡಿಗೆ ದಾರಿಯಾಗಿದ್ದು ಹೀಗೆ.

ಅವತ್ತು ಅಸೆಂಬಲ್ಡೇ ತಗೊಂಡ್ವಿ. ಎಂಟು ತಿಂಗಳಿಗೆ ಎಸ್‌ಎಂಪಿಎಸ್ ಸುಟ್ಟಿತು. ಬಸ್ ಹತ್ತಿ ಹೋಗಿ ಇನ್ನೊಂದು ತಂದೆ, ನಾಲ್ಕು ಸ್ಕ್ರೂ ಬಿಚ್ಚಿ ನಾನೇ ಹಾಕಿದೆ. ಊರಿಗೆ ಹೋದಾಗ ಹೆಮ್ಮೆಯಿಂದ ಹೇಳಿದ್ರೆ ಅಪ್ಪ, "ಅದಕ್ಕೇ ಅಂದಿದ್ದು, ಕಂಪನಿದು ತಗೊ ಅಂತ" ಅಂದರು.