ಹಂಪಿ: ಪ್ರವಾಸೋದ್ಯಮದಲ್ಲಿ ಊರಿನವರಿಗೇ ಜಾಗವಿಲ್ಲವೇ?

ಅಭಿವೃದ್ಧಿಶೀಲ ದೇಶಗಳಲ್ಲಿ ಪ್ರವಾಸೋದ್ಯಮ ಯೋಜನೆಗಳು ಸಾಮಾನ್ಯವಾಗಿ ರಾಜಧಾನಿಯ ಕಚೇರಿಗಳಲ್ಲೇ ಸಿದ್ಧವಾಗುತ್ತವೆ. ಊರಿನವರಿಗೆ ಅದರ ಸುದ್ದಿ ಮುಟ್ಟುವುದು ಎಷ್ಟೋ ಸಲ ನೋಟಿಸ್ ರೂಪದಲ್ಲಿ!

1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಹಂಪಿಯನ್ನೇ ನೋಡಿ. ವಿರೂಪಾಕ್ಷ ದೇಗುಲದ ಎದುರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಸ್ಮಾರಕ ರಕ್ಷಣೆ ಬೇಕೇ ಬೇಕು, ಆದರೆ ಪ್ರವಾಸಿಗರ ಊಟ-ತಿಂಡಿ ನೋಡಿಕೊಳ್ಳುತ್ತಿದ್ದವರೂ ಇವರೇ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ತುಂಗಭದ್ರೆಯ ಆಚೆಯ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳೂ ನೆಲಸಮವಾದವು.

ಟರ್ಕಿಯ ಸಂಶೋಧಕ ಜೆವ್ದೆತ್ ತೋಸುನ್ 2000ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಅಡ್ಡಿಗಳನ್ನು ಮೂರಾಗಿ ವಿಂಗಡಿಸಿದ್ದಾರೆ: ಅಧಿಕಾರ ಕೇಂದ್ರೀಕರಣ, ಮಾಹಿತಿ ಕೊರತೆಯಂಥ ಆಡಳಿತದ ತೊಡಕು, ಬಂಡವಾಳ, ಪರಿಣತಿ, ಕಾನೂನು ಬೆಂಬಲದ ಅಭಾವ, ಬಡವರ ಅಸಹಾಯಕತೆ ಮತ್ತು ನಿರಾಸಕ್ತಿ. ಹಂಪಿಯಲ್ಲಿ ಮೊದಲೆರಡೇ ಎದ್ದು ಕಾಣುತ್ತವೆ. ಜಾಗದ ದಾಖಲೆಯೇ ಇಲ್ಲದವರಿಗೆ ಹೋಂಸ್ಟೇ ಪರವಾನಗಿ, ಬ್ಯಾಂಕ್ ಸಾಲ ಎರಡೂ ದೂರದ ಮಾತು.